ಸಣ್ಣತಾಯಮ್ಮನ ಮಂಡಿ, ಮರಿಸಿದ್ದನ ಆರೈಕೆ

ಕಾಗೇಕೊಪ್ಪಲಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳಿದ್ದಳು, ಕೇಳಿ. ಅವಳಿಗೆ ಒಬ್ಬನೇ ಮಗ, ಮರಿಸಿದ್ದ. ಹೆಸರಿಗೆ ಮರಿ, ಆಳು ಬಾಗಿಲೆತ್ತರ. ಮೀಸೆ ಬಂದಾಗಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಕೆಟ್ಟೋನಲ್ಲ. ಸೋಮಾರಿಯೂ ಅಲ್ಲ. ಹೇಳಿದ ಮಾತು ಮೀರೋನೇ ಅಲ್ಲ. ಅದೇ ಬಂದಿದ್ದ ತೊಂದರೆ!

"ಮಗಾ, ಒಲೆ ಮೇಲೆ ಹಾಲಿಟ್ಟಿದ್ದೀನಿ. ಉಕ್ಕಿದ್ರೆ ಹೇಳು" ಅಂದಳು ಒಂದಿನ.

"ಹೂಂ ಅವ್ವ" ಅಂತ ಮರಿಸಿದ್ದ ಒಲೆ ಮುಂದೆ ಕೂತ. ಹಾಲು ಕಾಯ್ತು. ನೋಡ್ದ. ಹಾಲು ಮೇಲೆದ್ದಿತು. ನೋಡ್ದ. ಪಾತ್ರೆಯಿಂದಿಳಿದು ಒಲೆಗೆ ಹೋಯ್ತು, ಒಲೆಯಿಂದ ನೆಲಕ್ಕೆ ಹೋಯ್ತು. ಪೂರ್ತಿ ಹೋದ ಮೇಲೆ ಎದ್ದು ಬಂದು ಹೇಳ್ದ: "ಅವ್ವಾ, ಉಕ್ತು!"

"ಅಯ್ಯೋ, ಉಕ್ಕೋವಾಗ ಇಳಿಸಬಾರದೇನ್ಲಾ?"

"ಇಳಿಸು ಅಂದ್ಯಾ? ಹೇಳು ಅಂದೆ. ಹೇಳ್ದೆ."

ಇಂಥಾ ಮಗನ್ನ ಕಟ್ಟಿಕೊಂಡು ಸಣ್ಣತಾಯಮ್ಮ ಬದುಕು ತಳ್ಳುತ್ತಿದ್ದಳು. ಊರ ಸ್ಕೂಲಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡೋದು ಅವಳ ಕೆಲಸ. ಮರಿಸಿದ್ದ ನೀರು ಹೊತ್ತು ಹಾಕುತ್ತಿದ್ದ. ಅವಳ ಸಾರು ಅಂದ್ರೆ ಮಕ್ಕಳು ತಟ್ಟೆ ನೆಕ್ಕೋರು.

ಹಂಗಿದ್ದೋಳಿಗೆ ಮಂಡಿ ಹಿಡ್ಕೊಂತು ನೋಡಿ. ಕೂತ್ರೆ ಏಳಕ್ಕಾಗಲ್ಲ, ಎದ್ರೆ ನಿಲ್ಲಕ್ಕಾಗಲ್ಲ. ಗೋಡೆ ಹಿಡ್ಕೊಂಡು ಒಲೆ ಮುಂದೆ ನಿಲ್ಲೋಳು, ಸೌಟು ಹಾಕೋವಾಗ "ಅಯ್ಯಪ್ಪಾ" ಅನ್ನೋಳು. ಹೆಡ್‌ಮಾಸ್ಟ್ರು ನೋಡಿ ನೋಡಿ ಒಂದಿನ ಕರೆದು ಹೇಳಿದರು: "ಸಣ್ಣತಾಯಮ್ಮ, ಬೇಜಾರು ಮಾಡ್ಕೋಬ್ಯಾಡ. ದಸರಾ ರಜಾ ಬಂತು. ಚೆನ್ನಾಗಿ ತೋರಿಸ್ಕೊ. ರಜಾ ಮುಗಿಯೋ ಹೊತ್ತಿಗೆ ಒಲೆ ಮುಂದೆ ನಿಲ್ಲೋ ಹಂಗಿದ್ರೆ ಬಾ. ಆಗದಿದ್ರೆ ನಾನು ಇನ್ನೊಬ್ಬರನ್ನ ನೋಡಲೇಬೇಕಾಗ್ತದೆ. ಕುದಿಯೋ ಪಾತ್ರೆ, ಸುತ್ತ ಮಕ್ಕಳು ಓಡಾಡ್ತಾವೆ."

ಆ ಕೆಲಸ ಹೋದ್ರೆ ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆ! ಮಾರನೇ ದಿನವೇ ಸಣ್ಣತಾಯಮ್ಮ ಮಗನ ತೋಳು ಹಿಡ್ಕೊಂಡು, ಆಟೋ ಹತ್ತಿ, ಪಕ್ಕದ ಟೌನಿನ ಆಸ್ಪತ್ರೆಗೆ ಹೋದಳು.

ಅಲ್ಲಿ ಮುಬೀನಾ ಅಂತ ಒಬ್ಬ ಡಾಕ್ಟರಮ್ಮ ಇದ್ದರು. ಸೂಜಿ ಚುಚ್ಚೋರಲ್ಲ. ಕೈಕಾಲಿಗೆ ಕಸರತ್ತು ಹೇಳಿಕೊಟ್ಟು ನೋವು ಕಳೆಯೋರು. ಅದಕ್ಕೇ ಸುತ್ತಲ ಹಳ್ಳಿಯೋರು ಅವರನ್ನ ಕಸರತ್ತು ಡಾಕ್ಟರಮ್ಮ ಅನ್ನೋರು.

ಡಾಕ್ಟರಮ್ಮ ಮಂಡಿ ಮಡಿಸಿ ನೋಡಿದರು, ಚಾಚಿಸಿ ನೋಡಿದರು. ಆಮೇಲೆ ಬಿಪಿ ನೋಡಿದರು. "ಊಟಕ್ಕೆ ಏನು ಮಾಡ್ಕೋತೀರಮ್ಮ? ಉಪ್ಪಿನಕಾಯಿ ಎಷ್ಟು ತಿಂತೀರಿ? ಬಾಯಲ್ಲಿರೋದು ಕಡ್ಡಿಪುಡಿನಾ? ನಿದ್ದೆ ಬರುತ್ತಾ? ಮನೇಲಿ ಯಾರ್‍ಯಾರಿದೀರಿ?" ಅಂತ ಕೇಳ್ತಾನೇ ಹೋದರು.

ಸಣ್ಣತಾಯಮ್ಮನಿಗೆ ರೇಗ್ತು. "ಅಲ್ಲ ತಾಯಿ, ನಾನು ಮಂಡಿ ನೋವು ಅಂತ ಬಂದ್ರೆ ನೀವು ಉಪ್ಪಿನಕಾಯಿ ಕೇಳ್ತೀರಲ್ಲ!"

ಮುಬೀನಾ ನಕ್ಕರು. "ಮಂಡಿ ಒಂದನ್ನೇ ಬಿಚ್ಚಿ ಕಳಿಸಿದ್ರೆ ಮಂಡಿ ಒಂದನ್ನೇ ನೋಡ್ತಿದ್ದೆ ಕಣಮ್ಮ. ನೀವು ಪೂರ್ತಿ ಬಂದಿದೀರಲ್ಲ! ಉಪ್ಪು, ಹೊಗೆಸೊಪ್ಪು, ನಿದ್ದೆ, ಓಡಾಟ, ಎಲ್ಲಾ ನೋಡಬೇಕು. ಒಂದೊಂದಾಗಿ ಸರಿ ಮಾಡೋಣ."

ಟವಲು ಸುರುಳಿ ಸುತ್ತಿ ಮಂಡಿ ಕೆಳಗಿಟ್ಟು, ಒತ್ತೋದು, ಬಿಡೋದು, ಒತ್ತೋದು, ಬಿಡೋದು ಹೇಳಿಕೊಟ್ಟರು. ಆಮೇಲೆ ಮರಿಸಿದ್ದನ ಕಡೆ ತಿರುಗಿ, "ನೋಡಪ್ಪ, ದಿನಾ ಇಷ್ಟು ದೂರ ಇವರನ್ನ ಕರ್ಕೊಂಡು ಬರಬೇಡ. ನೀನೇ ಬಂದು ಹೆಂಗಿದಾರೆ ಅಂತ ಹೇಳು, ನಾನು ಮುಂದಿಂದು ಹೇಳ್ತೀನಿ. ಈಗ ಒಂದು ನೆನಪಿಟ್ಕೊ. ಅವ್ವನ್ನ ನೆಲದ ಮೇಲೆ ಕೂರಿಸಬೇಡ. ಮೇಲೆ ಕೂರಿಸು" ಅಂದರು.

"ಮೇಲೆ ಕೂರಿಸ್ತೀನಿ" ಅಂದ ಮರಿಸಿದ್ದ. ದಾರಿಯುದ್ದಕ್ಕೂ ಅದನ್ನೇ ಜಪಿಸ್ಕೊಂಡು ಬಂದ. "ಮೇಲೆ, ಮೇಲೆ, ಮೇಲೆ."

ಮನೆಗೆ ಬಂದ ಸಣ್ಣತಾಯಮ್ಮ ದಣಿದು ಗೋಡೆಗೊರಗಿ ನೆಲದ ಮೇಲೇ ಕೂತಳು, ಕೂತಲ್ಲೇ ನಿದ್ದೆ ಹೋದಳು. ಮರಿಸಿದ್ದ ನೋಡ್ದ. ಅಯ್ಯೋ, ನೆಲ! ಮೇಲೆ ಏನಿದೆ ಅಂತ ಕತ್ತೆತ್ತಿದ. ಮೇಲೆ ಅಟ್ಟ ಇತ್ತು! ಏಣಿ ತಂದ, ಇಟ್ಟ. ಅವ್ವನ್ನ ಹೆಗಲ ಮೇಲೆ ಹಾಕ್ಕೊಂಡ. ಹತ್ತಿದ. ರಾಗಿ ಮೂಟೆ ಪಕ್ಕ ಕೂರಿಸಿದ. ಇಳಿದ. ಏಣಿ ಎತ್ತಿಟ್ಟ.

ಸಣ್ಣತಾಯಮ್ಮ ಕಣ್ಣು ಬಿಟ್ಟರೆ ಹೆಂಚು ತಲೆಗೆ ತಾಕ್ತಾ ಇದೆ! ಕೆಳಗೆ ನೋಡಿದರೆ ನೆಲ ಪಾತಾಳದಲ್ಲಿದೆ!

"ಅಯ್ಯಯ್ಯೋ! ಸತ್ತೋದ್ನೇನಪ್ಪ ನಾನು!"

"ಇಲ್ಲ ಕಣವ್ವ, ಮೇಲಿದ್ದೀಯ!"

ಅವಳ ಕೂಗಿಗೆ ಪಕ್ಕದ ಮನೆ ಜವರಣ್ಣ ಓಡಿಬಂದ. ಇಬ್ಬರೂ ಸೇರಿ ಇಳಿಸೋ ಹೊತ್ತಿಗೆ ಅವಳಿಗೆ ಉಸಿರು ಮೇಲಕ್ಕೆ ಕೆಳಕ್ಕೆ. ಕೂತಲ್ಲಿಂದಲೇ ಮೊರ ತಗೊಂಡು ಎಸೆದಳು. ತಗುಲಲಿಲ್ಲ.

"ಮೇಲೆ ಅಂದ್ರೆ ಅಟ್ಟ ಏನ್ಲಾ? ಕುರ್ಚಿ ಕಣ್ಲಾ, ಕುರ್ಚಿ! ಡಾಕ್ಟರಮ್ಮ ಇನ್ಮೇಲೆ ಏನೇ ಹೇಳಲಿ, ಮೊದ್ಲು ಕುರ್ಚಿ ತಗೋ, ಅದರ ಮೇಲೆ ನನ್ನ ಕೂರಿಸು!"

"ಹೂಂ ಅವ್ವ. ಏನೇ ಹೇಳಲಿ, ಮೊದ್ಲು ಕುರ್ಚಿ."

ಕೆಲವು ದಿನ ಬಿಟ್ಟು ಮರಿಸಿದ್ದ ಟೌನಿಗೆ ಹೋದ. ಅಟ್ಟದ ವಿಷಯ ಹೇಳಲಿಲ್ಲ, ಡಾಕ್ಟರಮ್ಮ ಕೇಳಲೂ ಇಲ್ಲ. "ಟವಲು ಒತ್ತುತಾ ಅವ್ಳೆ" ಅಂದ.

"ಭೇಷ್! ಈಗ ಕಾಲು ಸ್ವಲ್ಪ ಆಡಬೇಕು. ಬೆಳಗಿನ ತಂಪಲ್ಲಿ ಊರೊಳಗೆ ಒಂದು ಸುತ್ತು ಹಾಕಿಸು. ಬಿಸಿಲು ಬೀಳಲಿ, ನಾಲ್ಕು ಜನರ ಮುಖ ನೋಡಲಿ, ಮನಸ್ಸಿಗೂ ಒಳ್ಳೇದು" ಅಂದರು ಮುಬೀನಾ.

ಮಾರನೇ ಬೆಳಿಗ್ಗೆ ಮರಿಸಿದ್ದ ಕುರ್ಚಿ ತಂದ. ಅವ್ವನ್ನ ಕೂರಿಸಿದ. "ಏನ್ಲಾ ಮಾಡ್ತೀಯ?" ಅನ್ನೋದರೊಳಗೆ ಕುರ್ಚಿ ಸಮೇತ ಎತ್ತಿ ತಲೆ ಮೇಲಿಟ್ಟುಕೊಂಡ! ಹೊರಟ!

"ಇಳಿಸೋ! ಇಳಿಸೋ ನನ್ನ!"

"ಒಂದು ಸುತ್ತು ಆಗಲವ್ವ!"

ಮೇಲಿನ ಬೀದಿ ಆಯ್ತು, ಕೆಳಗಿನ ಬೀದಿ ಆಯ್ತು. ಜನ ಬಾಗಿಲಿಗೆ ಬಂದರು. ಕಣ್ಣು ಮಂಜಾದ ಒಬ್ಬಳು ಅಜ್ಜಿ, ಯಾವುದೋ ದೇವರ ಮೆರವಣಿಗೆ ಅಂತ, ಓಡಿ ಹೋಗಿ ಕಳಸದ ನೀರು ತಂದು ಮರಿಸಿದ್ದನ ಕಾಲಿಗೆ ಹುಯ್ದಳು. ಇನ್ಯಾರೋ ಕಾಯಿ ಒಡೆದರು. ಸಣ್ಣತಾಯಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು, ಒಂದು ಕೈಲಿ ಕುರ್ಚಿ ಹಿಡ್ಕೊಂಡು, "ನಾನು ಕಣ್ರೋ, ಬಿಸಿಯೂಟದೋಳು!" ಅಂತ ಅರಚ್ತಾ ಇದ್ದಳು.

ಮನೆ ಮುಂದೆ ಇಳಿಸಿದ್ದೇ ತಡ, ಕಾಲಲ್ಲಿದ್ದ ಚಪ್ಪಲಿ ಕಿತ್ತು ಬೀಸಿದಳು. ಎದ್ದು ನಿಂತು ಇನ್ನೊಂದೂ ಬೀಸಿದಳು. ಒಂದು ತಗುಲ್ತು.

"ನನ್ನ ಕಾಲಿಗೆ ಕೆಲಸ ಕೊಡು ಅಂದ್ರೆ ನಿನ್ನ ತಲೆಗೆ ಕೊಟ್ಕೊಂಡ್ಯಲ್ಲೋ! ಊರೆಲ್ಲ ನಗಾಡ್ತು! ಇನ್ಮೇಲೆ ನನ್ನ ಎತ್ತಬ್ಯಾಡ, ಮುಟ್ಟಬ್ಯಾಡ! ನಾನಾಗಿ ನಾನೇ ಎದ್ದು ಹೋಗ್ತೀನಿ!"

"ಹೂಂ ಅವ್ವ. ಮುಟ್ಟಲ್ಲ."

ಮತ್ತೆ ಹೋದ ಟೌನಿಗೆ. ಈ ಸಲ ಎಲ್ಲಾ ಹೇಳ್ದ. ಮುಬೀನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದರು. ನಗಬೇಕೋ ಬೈಬೇಕೋ ಗೊತ್ತಾಗಲಿಲ್ಲ.

"ಅಪ್ಪಾ ಮರಿಸಿದ್ದ, ಅವರ ಕಾಲು ಅವರೇ ಬಳಸಬೇಕು. ಕಸರತ್ತು ಅಂದ್ರೆ ಬೇರೆ ಏನೋ ಅಲ್ಲ, ಮನೆ ಕೆಲಸದಲ್ಲೇ ಇದೆ. ನೀನು ಎಲ್ಲಾ ಅವರ ಕೈಗೇ ತಂದು ಕೊಡ್ತೀಯ ಅಲ್ವಾ? ಹಂಗೆ ಮಾಡಬೇಡ. ನೀರಿನ ಚೊಂಬಾಗಲಿ, ಊಟದ ತಟ್ಟೆಯಾಗಲಿ, ಕೂತ ಕಡೆಯಿಂದ ದೂರ ಇಡು. ಎದ್ದು ಹೋಗಿ ತಗೊಳ್ಳಲಿ."

"ದೂರ ಅಂದ್ರೆ?"

"ದೂರ ಅಂದ್ರೆ ದೂರಾನಪ್ಪ!" ಅಂದರು ಡಾಕ್ಟರಮ್ಮ, ಹೊರಗೆ ಸಾಲಲ್ಲಿ ಜನ ಕಾಯ್ತಾ ಇದ್ದರು.

ಮಾರನೇ ದಿನ ಸಣ್ಣತಾಯಮ್ಮನಿಗೆ ಬಾಯಾರಿತು. "ಮಗಾ, ನೀರು."

"ಬೋರ್‌ವೆಲ್ ಹತ್ರ ಇಟ್ಟಿದ್ದೀನಿ ಕಣವ್ವ."

"ಅಲ್ಲ್ಯಾಕೋ?"

"ದೂರ!"

"ಹಾಳಾಗಿ ಹೋಗ್ಲಿ, ಊಟ ಎಲ್ಲಿ?"

"ಸ್ಕೂಲ್ ಗೇಟಿನ ಹತ್ರ. ದಿಂಬು ಜವರಣ್ಣನ ಕೊಟ್ಟಿಗೇಲಿ. ನಿನ್ನ ಎಲೆಅಡಿಕೆ ಚೀಲ ಅಂಗನವಾಡಿ ಕಿಟಕೀಲಿ."

ಸಣ್ಣತಾಯಮ್ಮ ಕೋಲು ಊರಿ ಎದ್ದಳು. ಬೈಕೊಂಡು ಬೈಕೊಂಡು ಹೊಸ್ತಿಲು ದಾಟಿದಳು. ಬೋರ್‌ವೆಲ್ ಹತ್ರ ನೀರು ಕುಡಿದಳು. ಅಲ್ಲಿಂದ ಸ್ಕೂಲ್ ಗೇಟಿಗೆ ಹೋದರೆ ಮುದ್ದೆ ನಾಯಿ ಪಾಲು! ನಾಯಿ ತಟ್ಟೆ ನೆಕ್ಕುತಾ ಇತ್ತು, ಅವಳಿಗಿಂತ ಮೊದಲೇ ಓಡಿಬಂದಿದ್ದ ಮರಿಸಿದ್ದ ಪಕ್ಕದಲ್ಲಿ ನಿಂತು ನೋಡುತಾ ಇದ್ದ.

"ಓಡಿಸಬಾರದೇನ್ಲಾ?"

"ಎದ್ದು ಹೋಗಿ ತಗೊಳ್ಳಲಿ ಅಂದ್ರು. ಅದೂ ಎದ್ದು ಬಂದು ತಗೊಂತು ಕಣವ್ವ."

ವಾಪಸ್ಸು ಬರೋವಾಗ ಚರಂಡಿ ಕಲ್ಲಿನ ಹತ್ರ ಅವಳ ಕೋಲು ಜಾರ್ತು. ಓಲಾಡಿದಳು. "ಮಗಾ!" ಅಂತ ಕೈ ಚಾಚಿದಳು. ಮರಿಸಿದ್ದ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಹಿಂದೆ ಸರಿದ.

"ಮುಟ್ಟಬ್ಯಾಡ ಅಂದಿದ್ಯಲ್ಲವ್ವ!" ಅಂದ. ಅಂದ ಅಷ್ಟೇ, ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಮುಟ್ಟಬೇಕು ಅಂತ ಜೀವ ಹೊಡ್ಕೊಳ್ತಿತ್ತು, ಅವ್ವನ ಮಾತು ಅಡ್ಡ ಬಂದಿತ್ತು.

ಪುಣ್ಯಕ್ಕೆ ಲೈಟ್ ಕಂಬ ಸಿಕ್ತು, ತಬ್ಬಿಕೊಂಡು ನಿಂತಳು. ಮನೆ ಸೇರಿದ ಮೇಲೆ ಪೊರಕೆ ಹಿಡ್ಕೊಂಡು ಅಂಗಳದ ತುಂಬ ಅಟ್ಟಾಡಿಸಿದಳು.

"ಬಿದ್ರೆ ಹಿಡ್ಕೊಳ್ಳೋದು ಗೊತ್ತಾಗಲ್ವಾ? ಬೇಕಾದ್ದು ಹತ್ರ ಇಟ್ಕೋಬೇಕು, ಬ್ಯಾಡದ್ದು ದೂರ ಬಿಸಾಕಬೇಕು! ಇಷ್ಟೂ ತಿಳಿಯಲ್ವೇನ್ಲಾ ನಿನಗೆ?"

"ಈಗ ತಿಳೀತು ಅವ್ವ. ಬೇಕಾದ್ದು ಹತ್ರ, ಬ್ಯಾಡದ್ದು ದೂರ."

ಅಷ್ಟೊತ್ತಿಗೆ ರಜಾ ಮುಗಿಯುತ್ತಾ ಬಂದಿತ್ತು. ಸಣ್ಣತಾಯಮ್ಮನಿಗೆ ರಾತ್ರಿ ನಿದ್ದೆ ಇಲ್ಲ, ಹಗಲು ಸಮಾಧಾನ ಇಲ್ಲ. ಕಡ್ಡಿಪುಡಿ ಅಂತೂ ಬಾಯಿಂದ ಇಳೀಲೇ ಇಲ್ಲ. ಮರಿಸಿದ್ದ ಹೋಗಿ ಅದನ್ನೂ ಹೇಳ್ದ.

ಮುಬೀನಾ ಕೆಲಸ ಬಿಟ್ಟು ಅವನ ಮುಂದೆ ಸ್ಟೂಲ್ ಎಳ್ಕೊಂಡು ಕೂತರು. "ನೋಡು, ನಿಮ್ಮವ್ವಂಗೆ ಬಿಪಿ ಇದೆ. ಉಪ್ಪು ಜಾಸ್ತಿ ಬೇಡ. ಉಪ್ಪಿನಕಾಯಿ ಬೇಡ. ಕಡ್ಡಿಪುಡಿ ಅಂತೂ ಬೇಡವೇ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ ಚಿಂತೆ ಬೇಡ. ಚಿಂತೆ ಇದ್ರೆ ನಿದ್ದೆ ಬರಲ್ಲ, ನಿದ್ದೆ ಇಲ್ಲದಿದ್ರೆ ನೋವು ಬಿಡಲ್ಲ."

"ಚಿಂತೆ ಎಲ್ಲಿರ್ತದೆ ಡಾಕ್ಟರಮ್ಮ? ಮಡಕೇಲಾ, ಜಾಡೀಲಾ?"

"ಅದು ನನಗೆ ಹೆಂಗೆ ಗೊತ್ತಾಗುತ್ತೆ? ಮನೆಗೆ ಹೋಗಿ ಅವರನ್ನೇ ಕೇಳು."

ಸಂಜೆ ಬಂದು ಕೇಳ್ದ. "ಅವ್ವಾ, ನಿನ್ನ ಚಿಂತೆ ಯಾವುದವ್ವ?"

ಸಣ್ಣತಾಯಮ್ಮ ಮಂಡಿಗೆ ಎಣ್ಣೆ ತಿಕ್ಕುತಾ ಇದ್ದಳು. ನೋವು, ಸಂಕಟ, ಎಲ್ಲಾ ಸೇರಿ ಬಾಯಿಗೆ ಬಂದದ್ದು ಅಂದುಬಿಟ್ಟಳು. "ನನಗೆ ಇನ್ಯಾವ ಚಿಂತೆ ಇದೆ? ನೀನೇ ಕಣ್ಲಾ ನನ್ನ ಚಿಂತೆ! ಇರೋದು ನೀನೊಬ್ಬನೇ!"

ಮರಿಸಿದ್ದ "ಓ" ಅಂದ. ಆ ಸಂಜೆ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಬೆಳಿಗ್ಗೆ ಸಣ್ಣತಾಯಮ್ಮ ಎದ್ದು ಒಲೆ ಹಚ್ಚಿದಳು. ಉಪ್ಪಿನ ಮಡಕೆಗೆ ಕೈ ಹಾಕಿದಳು, ಮಡಕೆ ಇಲ್ಲ. ಉಪ್ಪಿನಕಾಯಿ ಜಾಡಿ ನೋಡಿದಳು, ಜಾಡಿ ಇಲ್ಲ. ಕಡ್ಡಿಪುಡಿ ಹುಡುಕಿದಳು, ಚೀಲವೇ ಇಲ್ಲ. "ಮಗಾ!" ಅಂತ ಕೂಗಿದಳು. ಮಗನೂ ಇಲ್ಲ! ಹೊದಿಕೆ ಮಡಿಸಿಟ್ಟಿತ್ತು. ಅವನು ಯಾವತ್ತೂ ಹೊದಿಕೆ ಮಡಿಸಿದೋನಲ್ಲ.

ಬಾಗಿಲಿಗೆ ಬಂದಳು. ಜವರಣ್ಣ ಹಾಲು ಕರೀತಿದ್ದ. "ನಿನ್ನ ಮಗ ಆಗಲೇ ಮಡಕೆ ಗಿಡಕೆ ಹೊತ್ಕೊಂಡು ಕೆರೆ ಕಡೆ ಹೋದ ಕಣಕ್ಕ. ಎಲ್ಲಿಗ್ಲಾ ಅಂದೆ. ಅವ್ವಂಗೆ ಬ್ಯಾಡದ್ದೆಲ್ಲ ದೂರ ಬಿಸಾಕಕ್ಕೆ ಅಂದ."

ಸಣ್ಣತಾಯಮ್ಮನಿಗೆ ಒಂದು ಗಳಿಗೆ ಏನೂ ಹೊಳೀಲಿಲ್ಲ. ಆಮೇಲೆ ಹೊಳೀತು. ನಿನ್ನೆ ಸಂಜೆ ತಾನಂದ ಮಾತು ನೆನಪಾಯ್ತು.

"ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ!"

ಕೋಲು ಗೋಡೆಗೊರಗಿತ್ತು. ಅವಳ ಕಣ್ಣಿಗೆ ಬೀಳಲಿಲ್ಲ. ಚಪ್ಪಲಿ ಬಾಗಿಲಲ್ಲಿತ್ತು. ಮೆಟ್ಟಲಿಲ್ಲ. ಹೊರಟಳು ನೋಡಿ! ಬೀದಿ ದಾಟಿದಳು, ತೋಪು ದಾಟಿದಳು, ಕೆರೆ ಏರಿ ಹತ್ತಿದಳು. ಏರಿ ಮೇಲಿಂದ ನೋಡಿದರೆ ನೀರಂಚಲ್ಲಿ ಉಪ್ಪಿನ ಮಡಕೆಯ ಮುಚ್ಚಳ ಬಿದ್ದಿದೆ. ನೀರಲ್ಲಿ ಎಲೆಅಡಿಕೆ ಚೀಲ ತೇಲ್ತಾ ಇದೆ. ಮಗ ಕಾಣಲಿಲ್ಲ.

"ಸಿದ್ದಾ! ಲೋ ಸಿದ್ದಾ!" ಅಂತ ಕೂಗಿದಳು. ಕೆರೆ ಸುಮ್ಮನಿತ್ತು. ಸೆರಗು ಸೊಂಟಕ್ಕೆ ಸಿಗಿಸಿ ನೀರಿಗೇ ಇಳಿಯೋಕೆ ಹೊರಟಳು.

ಆಚೆ ಕಲ್ಲಿನ ಮೇಲೆ ಬಟ್ಟೆ ಒಗೀತಿದ್ದ ಹೆಂಗಸು ಅಲ್ಲಿಂದಲೇ ಕೂಗಿದಳು: "ಯಾಕಕ್ಕ? ನಿನ್ನ ಮಗನಾ? ಮಡಕೆ ಎಸೆದು ಟೌನ್ ರಸ್ತೆ ಹಿಡಿದು ಹೋದ. ಅಳ್ತಾ ಹೋದ ಕಣಕ್ಕ!"

ಟೌನ್ ರಸ್ತೆ! ಸಣ್ಣತಾಯಮ್ಮ ಏರಿ ಇಳಿದಳು, ರಸ್ತೆ ಹಿಡಿದಳು. ಕಲ್ಲು ಅನ್ನಲಿಲ್ಲ, ಮುಳ್ಳು ಅನ್ನಲಿಲ್ಲ. ಎದುರಿಗೆ ಬಂದೋರನ್ನೆಲ್ಲ "ನನ್ನ ಮಗನ್ನ ನೋಡಿದ್ರಾ? ಬಾಗಿಲೆತ್ತರ ಇದಾನೆ" ಅಂತ ಕೇಳಿದಳು. ಊರು ಹಿಂದೆ ಉಳೀತು, ಹೊಲ ಹಿಂದೆ ಉಳೀತು. ಟೌನಿನ ನೀರಿನ ಟ್ಯಾಂಕು ಕಾಣೋವಷ್ಟು ದೂರ ಬಂದುಬಿಟ್ಟಳು. ಅಲ್ಲೊಂದು ಮೋರಿ. ಮೋರಿ ಕಟ್ಟೆ ಮೇಲೆ ಮರಿಸಿದ್ದ ಕಾಲು ಇಳಿಬಿಟ್ಟುಕೊಂಡು ಕೂತಿದ್ದ.

"ಏನ್ಲಾ ಮಾಡ್ತಾ ಇದ್ದೀಯ ಇಲ್ಲಿ?"

ಮರಿಸಿದ್ದ ಗಾಬರಿಯಾಗಿ ಎದ್ದ. "ನೀನು ಯಾಕವ್ವ ಬಂದೆ? ದೂರ ಬಿಸಾಕಿದ್ದೆ!"

"ಏನನ್ನ?"

"ಚಿಂತೇನ. ನಾನೇ ಅಲ್ವೇನವ್ವ ಅದು? ಉಪ್ಪು, ಉಪ್ಪಿನಕಾಯಿ, ಕಡ್ಡಿಪುಡಿ ಕೆರೆಗೆ ಹಾಕ್ದೆ. ನನ್ನ ಕೆರೆಗೆ ಹಾಕೋಕೆ ಭಯ ಆಯ್ತು. ಅದಕ್ಕೇ ಇಲ್ಲಿ ತಂದು ಬಿಸಾಕ್ದೆ. ಇನ್ನೂ ದೂರ ಹೋಗಬೇಕು ಅಂತಲೇ ಇದ್ದೆ. ಹೊಟ್ಟೆ ಹಸೀತು."

ಸಣ್ಣತಾಯಮ್ಮ ಕೈ ಎತ್ತಿದಳು. ಎತ್ತಿದ ಕೈ ಕೆನ್ನೆಗೆ ಬಿತ್ತು. ಬಿದ್ದ ಕೈಯೇ ಅವನ ಕತ್ತು ಬಳಸಿ ಎದೆಗೆ ಎಳ್ಕೊಂಡಿತು. ಎಳ್ಕೊಂಡು ಗಳಗಳ ಅತ್ತಳು.

"ಬೇಕಾದ್ದು ಹತ್ರ ಇಟ್ಕೊ ಅಂದಿದ್ದೆ ಅಲ್ವೇನ್ಲಾ? ನೀನು ಬೇಕಾದ್ದು ಕಣ್ಲಾ! ಬ್ಯಾಡದ್ದಲ್ಲ!"

"ಹಂಗಾದ್ರೆ ಚಿಂತೆ?"

"ನೀನಿಲ್ಲದಿದ್ರೆ ಚಿಂತೆ. ಇದ್ರೆ ಇಲ್ಲ."

ಮರಿಸಿದ್ದನಿಗೆ ಇದು ಪೂರ್ತಿ ಅರ್ಥವಾಗಲಿಲ್ಲ. ಆದರೆ ಅವ್ವ ಬಿಡಲಿಲ್ಲ, ಅವನೂ ಬಿಡಿಸ್ಕೊಳ್ಳಲಿಲ್ಲ.

ಇಷ್ಟು ದೂರ ಬಂದಾಗಿದೆ, ಡಾಕ್ಟರಮ್ಮನ ಹತ್ರ ಹೋಗಿಯೇ ಬರೋಣ ಅಂತ ತಾಯಿ ಮಗ ಇಬ್ಬರೂ ಮೆಲ್ಲಗೆ ಆಸ್ಪತ್ರೆಗೆ ಹೋದರು. ಮುಬೀನಾ ಬಾಗಿಲಲ್ಲಿ ನೋಡಿ ನಿಂತೇಬಿಟ್ಟರು.

"ಅಮ್ಮಾ! ಕೋಲೆಲ್ಲಿ? ಆಟೋ ಎಲ್ಲಿ?"

"ಕೋಲು ಮನೇಲಿರಬೇಕು ತಾಯಿ. ಆಟೋ... ನಡೆದೇ ಬಂದೆ ಅನ್ಸುತ್ತೆ."

ಅಂದ ಮೇಲೆ ಅವಳಿಗೇ ಗೊತ್ತಾಯ್ತು. ಬಗ್ಗಿ ತನ್ನ ಕಾಲನ್ನ ತಾನೇ ನೋಡ್ಕೊಂಡಳು. ಧೂಳು ತುಂಬಿತ್ತು, ಒಂದು ಬೆರಳಲ್ಲಿ ರಕ್ತ ಇತ್ತು.

ಡಾಕ್ಟರಮ್ಮ ನಗಲಿಲ್ಲ, ಹೊಗಳಲೂ ಇಲ್ಲ. ಮೊದಲು ಮಲಗಿಸಿ ಮಂಡಿಗೆ ಐಸ್ ಇಟ್ಟರು. ಬೆರಳಿಗೆ ಪಟ್ಟಿ ಕಟ್ಟಿದರು. "ಒಂದೇ ದಿನ ಇಷ್ಟು ನಡೆಯೋದು ತಪ್ಪು. ನಾಳೆ ಸುಸ್ತಾಗುತ್ತೆ, ಹೆದರಬೇಡಿ. ಆದ್ರೆ ನಿಮ್ಮ ಕಾಲಿಗೆ ಶಕ್ತಿ ಬಂದಿದೆ ಅನ್ನೋದು ನಿಜ. ಇನ್ಮೇಲೆ ದಿನಾ ಸ್ವಲ್ಪ ಸ್ವಲ್ಪ ನಡೀರಿ" ಅಂದರು. ಆಮೇಲೆ ಮರಿಸಿದ್ದನ ಕಡೆ ತಿರುಗಿ, "ತಪ್ಪು ನಿಂದಲ್ಲಪ್ಪ. ಅವಸರದಲ್ಲಿ ಅರ್ಧಂಬರ್ಧ ಹೇಳ್ದೋಳು ನಾನು. ಬಾ ಇಲ್ಲಿ, ಮಾಡಿ ತೋರಿಸ್ತೀನಿ" ಅಂತ ಅವನನ್ನೇ ಮಂಚದ ಮೇಲೆ ಕೂರಿಸಿ, ಅವನ ಮಂಡಿ ಕೆಳಗೇ ಟವಲು ಇಟ್ಟು, ಎಲ್ಲಾ ಅವನ ಕೈಲೇ ಮಾಡಿಸಿದರು. ಅವ್ವನ್ನ ಎಲ್ಲಿ ಹಿಡೀಬೇಕು, ಎಲ್ಲಿವರೆಗೆ ನಡೆಸಬೇಕು, ಸಾರಿಗೆ ಉಪ್ಪು ಯಾವ ಚಮಚದಲ್ಲಿ ಎಷ್ಟು, ಎಲ್ಲಾ ಕಣ್ಣಿಗೆ ಕಾಣೋ ಹಂಗೆ ತೋರಿಸಿದರು.

ಕಣ್ಣಿಂದ ನೋಡಿದ್ದನ್ನ ಮರಿಸಿದ್ದ ಬಿಡ್ತಾನಾ? ದಿನಾ ಬೆಳಿಗ್ಗೆ ಟವಲು ಹಿಡ್ಕೊಂಡು ಅವ್ವನ ಮುಂದೆ ಹಾಜರ್! ಬೋರ್‌ವೆಲ್ ತನಕ ಅಂದ್ರೆ ಬೋರ್‌ವೆಲ್ ತನಕ. ಆಚೆ ಒಂದು ಹೆಜ್ಜೆ ಇಲ್ಲ, ಈಚೆ ಒಂದು ಹೆಜ್ಜೆ ಇಲ್ಲ. ಕೈ ಅವಳ ಮೊಣಕೈ ಕೆಳಗೆ, ಮುಟ್ಟಿಯೂ ಮುಟ್ಟದ ಹಂಗೆ. ಕಡ್ಡಿಪುಡಿ ಬೇಕು ಅಂತ ಅವಳು ಅಂಗಡಿ ಕಡೆ ಕಣ್ಣು ಹಾಯಿಸಿದರೆ, "ಕೆರೇಲಿದೆ ಕಣವ್ವ, ತರಲಾ?" ಅನ್ನೋನು. ಒದ್ದೆ ಕಡ್ಡಿಪುಡಿ ನೆನೆಸಿಕೊಂಡೇ ಅವಳಿಗೆ ಅಸಹ್ಯ ಆಗೋದು. ಸೋಂಪು ಬಾಯಿಗೆ ಹಾಕ್ಕೊಂಡು ಸುಮ್ಮನಾಗೋಳು.

ರಜಾ ಮುಗೀತು. ಸ್ಕೂಲ್ ಬಾಗಿಲು ತೆಗೀತು. ಹೆಡ್‌ಮಾಸ್ಟ್ರು ಬಂದು ನೋಡಿದರೆ ಸಣ್ಣತಾಯಮ್ಮ ಒಲೆ ಮುಂದೆ ನಿಂತಿದ್ದಾಳೆ, ಗೋಡೆ ಹಿಡ್ಕೊಂಡಿಲ್ಲ! ಪಕ್ಕದಲ್ಲಿ ಒಂದು ಸ್ಟೂಲ್. ದಣಿವಾದಾಗ ಕೂರೋಳು, ಮತ್ತೆ ಏಳೋಳು. ಮಾಸ್ಟ್ರು ತಾವೂ ಒಂದು ತಟ್ಟೆ ತಗೊಂಡು ಸಾಲಲ್ಲಿ ನಿಂತರು.

ಇಲ್ಲಿಗೇ ಕತೆ ಮುಗಿದಿದ್ರೆ ಎಷ್ಟು ಚೆನ್ನಾಗಿತ್ತು! ಆದರೆ ಮರಿಸಿದ್ದ ಈ ಸಂತೋಷಾನ ಹೇಳೋಕೆ ಟೌನಿಗೆ ಹೋದ. ಮುಬೀನಾಗೂ ಖುಷಿಯೋ ಖುಷಿ. ಆ ಖುಷೀಲಿ ಬಾಯಿ ತಪ್ಪಿ ಒಂದು ಮಾತು ಅಂದುಬಿಟ್ಟರು:

"ಎಲ್ಲರ ಮನೇಲೂ ನಿನ್ನಂಥೋನು ಇರಬೇಕಪ್ಪ! ನಿಮ್ಮೂರಲ್ಲಿ ಕೂತು ಕೂತು ಕಾಲು ಹಿಡ್ಕೊಂಡೋರು ಇನ್ನೂ ಎಷ್ಟು ಜನ ಇದಾರೋ. ನಿಮ್ಮವ್ವನ್ನ ನಡೆಸಿದ ಹಂಗೇ ಊರೋರ್ನೂ ನಡೆಸು."

"ಹೂಂ ಡಾಕ್ಟರಮ್ಮ. ಅವ್ವನ್ನ ನಡೆಸಿದ ಹಂಗೇ!"

ದಾರಿಯುದ್ದಕ್ಕೂ ಯೋಚನೆ ಮಾಡ್ದ. ಅವ್ವ ಹೆಂಗೆ ನಡೆದಳು? ಕಳೆದುಹೋದೋನ್ನ ಹುಡುಕ್ಕೊಂಡು ನಡೆದಳು. ಸರಿ, ಊರೋರು ನಡೀಬೇಕಾದ್ರೆ ಯಾರು ಕಳೆದುಹೋಗಬೇಕು? ತಾನೇ ಹೋಗೋಣ ಅಂದ್ರೆ ತನ್ನನ್ನ ಹುಡುಕೋಳು ಅವ್ವ ಒಬ್ಬಳೇ. ಊರಿಗೆ ಊರೇ ಹುಡುಕಬೇಕು ಅಂದ್ರೆ ಯಾರಪ್ಪ?

ಆ ವಾರವೇ ಜವರಣ್ಣನ ಮಗಳ ಮದುವೆ. ಮನೆ ಮುಂದೆ ಚಪ್ಪರ, ಓಲಗ, ನೂಕುನುಗ್ಗಲು. ಅವತ್ತು ಸ್ಕೂಲಿತ್ತು, ಸಣ್ಣತಾಯಮ್ಮ, "ಮಕ್ಕಳಿಗೆ ಬಡಿಸಿ, ಸೀರೆ ಬದಲಾಯಿಸ್ಕೊಂಡು ಬಂದುಬಿಡ್ತೀನಿ, ನೀನು ಹೋಗಿ ಸಹಾಯ ಮಾಡಿರು" ಅಂತ ಮಗನ್ನ ಕಳಿಸಿದ್ದಳು.

ಮದುವೆ ಗಂಡು ಬಾಸಿಂಗ ಕಟ್ಟಿಕೊಂಡು ಬೆಳಗಿನಿಂದ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಪಾಪ, ಬಡಕಲು ಹುಡುಗ. ನೀರು ಕೊಡೋಕೆ ಬಂದ ಮರಿಸಿದ್ದನ ಹತ್ರ ಮೆಲ್ಲಗಂದ: "ಅಣ್ಣಾ, ಕಾಲು ಜೋಮು ಹಿಡಿದು ಹೋಗಿದೆ. ಎದ್ರೆ ಬೀಳ್ತೀನಿ."

"ಕಾಲಾ? ನಮ್ಮ ಡಾಕ್ಟರಮ್ಮ ಅವ್ರೆ! ಬಾ, ಸೈಕಲ್ಲಿದೆ!"

"ಮುಹೂರ್ತ..."

"ಬಂದುಬಿಡಾಣ ಬಾ!"

ಬಚ್ಚಲಿಗೆ ಹೋಗೋ ನೆಪದಲ್ಲಿ ಹಿತ್ತಲಿಗೆ ಕುಂಟ್ಕೊಂಡು ಬಂದ ಗಂಡನ್ನ ಮರಿಸಿದ್ದ ಕ್ಯಾರಿಯರ್ ಮೇಲೆ ಕೂರಿಸಿ, ಪೆಡಲ್ ತುಳಿದ. ಬೀದಿ ತಿರುಗೋ ಮುಂಚೆ ಹಿಂದೆ ತಿರುಗಿ ಗಟ್ಟಿಯಾಗಿ ಕೂಗಿ ಹೇಳ್ದ: "ಗಂಡು ಕಳೆದುಹೋಯ್ತು! ಟೌನ್ ಕಡೆ ಹುಡುಕಿ!"

ಚಪ್ಪರದಲ್ಲಿ ಗುಲ್ಲೋ ಗುಲ್ಲು. ಎಲೆ ಮುಂದೆ ಕೂತೋರು ಎದ್ದರು, ಇಸ್ಪೀಟು ಹಿಡಿದೋರು ಎದ್ದರು. ವರ್ಷಗಟ್ಟಲೆ ಜಗುಲಿ ಬಿಟ್ಟು ಇಳೀದ ಮುದುಕರು ಪಂಚೆ ಎತ್ತಿ ಕಟ್ಟಿ ಎದ್ದರು. ಗಂಡಿನ ಕಡೆಯೋರು, ಹೆಣ್ಣಿನ ಕಡೆಯೋರು, ಓಲಗದೋರು, ಅಡುಗೆಯೋರು, ಹಸಿರು ಬಳೆ ತೊಟ್ಟ ಮದುವಣಗಿತ್ತಿ, ಎಲ್ಲಾ ಟೌನ್ ರಸ್ತೆ ಹಿಡಿದರು.

ಆಸ್ಪತ್ರೇಲಿ ಮುಬೀನಾ ಬಾಸಿಂಗ ನೋಡಿ ಬೆಚ್ಚಿದರು. "ಇದೇನಪ್ಪ ಇದು?"

"ಊರೋರ್ನ ನಡೆಸ್ತಾ ಇದ್ದೀನಿ ಡಾಕ್ಟರಮ್ಮ! ಎಲ್ಲಾ ಬರ್ತಾ ಅವ್ರೆ!"

ಅವರು ತಲೆ ಮೇಲೆ ಕೈ ಹೊತ್ತುಕೊಂಡರು. "ಅಯ್ಯೋ ದೇವರೇ, ಮದುವೆ ಗಂಡು ಇದು! ಇದು ಬರೀ ಜೋಮು, ಇಳಿದು ನಾಲ್ಕು ಹೆಜ್ಜೆ ಹಾಕಿದ್ರೆ ಹೋಗುತ್ತೆ. ಮುಹೂರ್ತ ಮೀರೋ ಮುಂಚೆ ಮೊದಲು ಮನೆಗೆ ಕರ್ಕೊಂಡು ಹೋಗು! ಬೇಗ! ಅಡ್ಡದಾರೀಲಿ ಹೋಗು!"

"ಮನೆಗೆ ಕರ್ಕೊಂಡು ಹೋಗ್ತೀನಿ!"

ಅಡ್ಡದಾರಿ ಹಿಡಿದ. ಈ ಕಡೆ ಸೈಕಲ್ಲು ಹೊಲದ ನಡುವೆ ಊರಿಗೆ ಬಂತು, ಆ ಕಡೆ ಊರು ರಸ್ತೆಯಲ್ಲಿ ಆಸ್ಪತ್ರೆಗೆ ಹೋಯ್ತು. ಹೋದೋರಿಗೆ ಮುಬೀನಾ, "ಈಗ ತಾನೇ ಮನೆಗೆ ಕಳಿಸಿದೆ!" ಅಂದರು. ಬಂದ ಜನ ಹಂಗೇ ತಿರುಗಿ, ಬಂದ ದಾರೀಲೇ ದಡದಡ ವಾಪಸ್ಸು ಹೊರಟರು. ಆದರೆ ಮದುವೆ ಮನೇಲಿ ಗಂಡೇ ಇಲ್ಲ!

ಎಲ್ಲಿರ್ತಾನೆ? ಮನೆಗೆ ಕರ್ಕೊಂಡು ಹೋಗು ಅಂದರು. ಮರಿಸಿದ್ದ ಕರ್ಕೊಂಡು ಹೋಗಿದ್ದು ಮನೆಗೇ. ತನ್ನ ಮನೆಗೆ!

ಸಣ್ಣತಾಯಮ್ಮ ಸ್ಕೂಲಿಂದ ಬಂದು, ಒಳಕೋಣೇಲಿ ರೇಷ್ಮೆ ಸೀರೆ ಉಟ್ಟು, ತಲೆಗೆ ಹೂವು ಮುಡಿದು ಕೋಣೆ ಬಾಗಿಲು ತೆಗೆದರೆ, ನಡುಮನೇಲಿ ಕುರ್ಚಿ ಮೇಲೆ ಬಾಸಿಂಗ ಕಟ್ಟಿಕೊಂಡ ಗಂಡು ಕೂತು ಮುದ್ದೆ ನುಂಗ್ತಾ ಇದೆ! ಮರಿಸಿದ್ದ ಪಕ್ಕದಲ್ಲಿ ನಿಂತು ಸಾರು ಬಡಿಸ್ತಾ ಇದ್ದಾನೆ.

"ಯಾರ್‍ಲಾ ಇದು?"

"ಜವರಣ್ಣನ ಅಳಿಯ ಕಣವ್ವ. ಮನೆಗೆ ಕರ್ಕೊಂಡು ಹೋಗು ಅಂದ್ರು. ಕರ್ಕೊಂಡು ಬಂದೆ. ಉಪ್ಪು ಚಮಚದಲ್ಲೇ ಹಾಕಿದ್ದೀನಿ."

ಗಂಡು ಬಾಯಿ ತುಂಬ ಮುದ್ದೆ ಇಟ್ಟುಕೊಂಡೇ, "ಸಾರು ಚೆನ್ನಾಗಿದೆ ಅಮ್ಮ" ಅಂದ.

ಬೀದಿ ತುದೀಲಿ ಧೂಳೆದ್ದಿತು. ಜವರಣ್ಣ ಮುಂದೆ, ಗಂಡಿನ ಅಪ್ಪ ಅವನ ಪಕ್ಕ, ಕೋಲು ಹಿಡ್ಕೊಂಡ ಮುದುಕರು ಹಿಂದೆ. ಅವತ್ತು ಯಾರೂ ಕೋಲು ನಡೆಯೋಕೆ ಹಿಡ್ಕೊಂಡಿರಲಿಲ್ಲ. ಓಲಗದೋನು ಮಾತ್ರ ಏದುಸಿರಲ್ಲೂ ಊದುತಾ ಬರ್ತಿದ್ದ.

ಸಣ್ಣತಾಯಮ್ಮ ಬೀದಿ ನೋಡಿದಳು. ಮಗನ್ನ ನೋಡಿದಳು. ಪೊರಕೆ ಕೈಗೆಟುಕೋ ಹಂಗೇ ಇತ್ತು, ತಗೊಳ್ಳಲಿಲ್ಲ. ಬೈಯ್ಯೋಕೆ ಬಾಯಿ ತೆಗೆದಳು, ನಗು ಬಂತು. ಸೀರೆ ನೆರಿಗೆ ಮೇಲೆತ್ತಿ ಸಿಗಿಸಿದಳು, ಮಗನ ಕೈ ಗಟ್ಟಿಯಾಗಿ ಹಿಡ್ಕೊಂಡಳು.

"ಓಡೋ ಮಗನೇ!" ಅಂದಳು. ಅಂದು, ಹಿತ್ತಲ ಬಾಗಿಲಿಂದ ಅವಳೇ ಮುಂದೆ ಓಡಿದಳು.